ಕವಿಯ ತಂಗಿಯ ಅಚ್ಚುಕೂಟ

ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕದ ಇಂಗ್ಲಿಷ್ ಅನುವಾದ ಮೊದಲು ಪುಸ್ತಕವಾದದ್ದು ಡಬ್ಲಿನ್ ಹೊರವಲಯದ ಒಂದು ಪುಟ್ಟ ಅಚ್ಚುಕೂಟದಲ್ಲಿ ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಬೇರೇನೋ ಹೇಳುವಾಗ ನಡುವೆ ಬಂದುಹೋದ ಮಾತು ಅದು. ಓದುಗರು ಹಿಡಿದುಕೊಂಡದ್ದು ಅದನ್ನೇ. ಐರ್ಲೆಂಡಿಗೂ ಠಾಕೂರರಿಗೂ ಏನು ನಂಟು, ಆ ಅಚ್ಚುಕೂಟ ಯಾರದು, ಈಗಲೂ ಇದೆಯೇ ಎಂದು ಕೇಳುತ್ತಲೇ ಇದ್ದಾರೆ. ನೊಬೆಲ್ ಬಂದ ಕವಿಯ ಪುಸ್ತಕವನ್ನು ಬರೀ 400 ಪ್ರತಿ ಮಾಡಿ ಕೈತೊಳೆದುಕೊಂಡವರು ಎಂಥ ಪ್ರಕಾಶಕರು ಸ್ವಾಮಿ ಎಂದು ಒಬ್ಬರು ಗದರಿಸಿಯೂ ಇದ್ದಾರೆ. ನನಗೆ ಈ ಕೊನೆಯ ಪ್ರಶ್ನೆಯೇ ಇಷ್ಟ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಉಳಿದವಕ್ಕೂ ಉತ್ತರ ಸಿಕ್ಕಿಬಿಡುತ್ತದೆ.

ಅಚ್ಚುಕೂಟದ ಹೆಸರು ಕೂಲಾ ಪ್ರೆಸ್. ನಡೆಸುತ್ತಿದ್ದವಳು ಎಲಿಜಬೆತ್ ಕಾರ್ಬೆಟ್ ಯೇಟ್ಸ್. ಮನೆಯವರ ಬಾಯಲ್ಲಿ ಲಾಲಿ. ಕವಿ ಡಬ್ಲ್ಯು. ಬಿ. ಯೇಟ್ಸ್ ಅವಳ ಅಣ್ಣ. ಅವನಿಗೂ ಇವಳಿಗೂ ನಡುವೆ ಹುಟ್ಟಿದವಳು ಸೂಸನ್ ಮೇರಿ, ಅಂದರೆ ಲಿಲಿ. ಕೊನೆಯವನು ಜ್ಯಾಕ್, ಮುಂದೆ ಐರ್ಲೆಂಡಿನ ದೊಡ್ಡ ಚಿತ್ರಕಾರನಾದವನು. ತಂದೆ ಜಾನ್ ಬಟ್ಲರ್ ಯೇಟ್ಸ್ ವಕೀಲಿ ಬಿಟ್ಟು ಭಾವಚಿತ್ರ ಬರೆಯಲು ಹೊರಟ ಮನುಷ್ಯ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆದರೆ ಹಿಡಿದ ಚಿತ್ರ ಮುಗಿಸುತ್ತಿರಲಿಲ್ಲ, ಮುಗಿಸಿದರೂ ದುಡ್ಡು ಕೇಳುತ್ತಿರಲಿಲ್ಲ. ಸಂಸಾರ ಲಂಡನ್ನಿನ ಬೆಡ್‌ಫರ್ಡ್ ಪಾರ್ಕಿನಲ್ಲಿದ್ದಾಗ ಮನೆಯ ಖರ್ಚಿಗೆ ಹೆಣ್ಣುಮಕ್ಕಳ ದುಡಿಮೆಯನ್ನೇ ನೆಚ್ಚಬೇಕಾಗಿತ್ತು. ಲಿಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಮಗಳು ಮೇ ಮಾರಿಸ್ ಬಳಿ ಕಸೂತಿ ಕೆಲಸಕ್ಕೆ ಹೋಗುತ್ತಿದ್ದಳು. ಲಾಲಿ ಮಕ್ಕಳಿಗೆ ಕುಂಚದ ಚಿತ್ರಕಲೆ ಕಲಿಸುತ್ತಿದ್ದಳು, ಅದರ ಬಗ್ಗೆ ಪಠ್ಯಪುಸ್ತಕಗಳನ್ನೂ ಬರೆದಿದ್ದಳು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕೂಲಾದ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಐರಿಷ್ ಸಾಹಿತ್ಯದ ಪುನರುತ್ಥಾನದಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ಶುರುವಾಗುವುದು ಸಂಬಳದ ಚಿಂತೆಯಿಂದ.

1902ರಲ್ಲಿ ಎವಲಿನ್ ಗ್ಲೀಸನ್ ಎಂಬ ಮಹಿಳೆ ಡಬ್ಲಿನ್ನಿನ ದಕ್ಷಿಣಕ್ಕಿರುವ ಡಂಡ್ರಮ್‌ನಲ್ಲಿ ಒಂದು ದೊಡ್ಡ ಮನೆ ಹಿಡಿದು, ಯೇಟ್ಸ್ ಅಕ್ಕತಂಗಿಯರನ್ನು ಸೇರಿಸಿಕೊಂಡು ಒಂದು ಕರಕುಶಲ ಸಂಸ್ಥೆ ಕಟ್ಟಿದಳು. ಐರಿಷ್ ಹುಡುಗಿಯರಿಗೆ ಕೆಲಸ ಕಲಿಸಬೇಕು, ಐರ್ಲೆಂಡಿನದೇ ಸಾಮಗ್ರಿಯಿಂದ ಚಂದದ ವಸ್ತು ಮಾಡಿಸಬೇಕು ಎನ್ನುವುದು ಉದ್ದೇಶ. ಪುರಾಣದ ವೀರ ಕುಹುಲಿನ್‌ನ ಹೆಂಡತಿ ಎಮರ್ ಸೂಜಿಕೆಲಸದಲ್ಲಿ ಹೆಸರಾದವಳು. ಸಂಸ್ಥೆಯನ್ನು ಅವಳ ಹೆಸರಿನಿಂದ ಡನ್ ಎಮರ್ ಎಂದು ಕರೆದರು. ಗ್ಲೀಸನ್ ನೇಯ್ಗೆ ಮತ್ತು ಜಮಖಾನ ನೋಡಿಕೊಂಡಳು, ಲಿಲಿ ಕಸೂತಿ, ಲಾಲಿ ಮುದ್ರಣ. ಲಾಲಿಗೆ ಮುದ್ರಣ ಗೊತ್ತಿತ್ತೇ? ಲಂಡನ್ನಿನಲ್ಲಿ ಹೆಂಗಸರೇ ನಡೆಸುತ್ತಿದ್ದ ಒಂದು ಮುದ್ರಣ ಸಂಘದಲ್ಲಿ ಕೆಲಕಾಲ ಕಲಿತಿದ್ದಳು, ಅಷ್ಟೇ. ಮಾರಿಸ್‌ನ ಕೆಲ್ಮ್‌ಸ್ಕಾಟ್ ಪ್ರೆಸ್ಸಿಗೆ ಬೆನ್ನೆಲುಬಾಗಿದ್ದ ಎಮರಿ ವಾಕರ್ ಸಲಹೆ ಕೊಟ್ಟ. ಯಾರೋ ಬಳಸಿ ಬಿಟ್ಟ ಆಲ್ಬಿಯನ್ ಕೈಮುದ್ರಣ ಯಂತ್ರ ಬಂತು. ಅಕ್ಷರಕ್ಕೆ ಹದಿನೆಂಟನೆಯ ಶತಮಾನದ ಕ್ಯಾಸ್ಲನ್ ಮೊಳೆ, 14 ಪಾಯಿಂಟಿನದು. ಕಾಗದ ಡಬ್ಲಿನ್ ಜಿಲ್ಲೆಯದೇ ಸ್ಯಾಗರ್ಟ್ ಗಿರಣಿಯದು, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು, ಬಿಳುಪಿಗೆ ರಾಸಾಯನಿಕ ಹಾಕದ್ದು.

ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಕಾಲಕ್ಕೆ ಮೊಳೆ ಜೋಡಿಸುವವರು ಇನ್ನೂ ಇದ್ದರು. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಖಾನೆಗಳ ಮೇಲೆ, ಕಣ್ಣು ಹಸ್ತಪ್ರತಿಯ ಮೇಲೆ. ಬೆರಳು ಯಾವ ಖಾನೆಗೆ ಹೋಗಬೇಕೆಂದು ಬೆರಳಿಗೇ ಗೊತ್ತಿರುತ್ತಿತ್ತು. ಅವರ ಪಕ್ಕ ನಿಂತು ಕರಡಚ್ಚು ತಿದ್ದಿದವರಿಗೆ 400 ಎಂಬ ಸಂಖ್ಯೆ ಅಷ್ಟು ಸಣ್ಣದಾಗಿ ಕಾಣುವುದಿಲ್ಲ. ಕೈಯಂತ್ರದಲ್ಲಿ ಒಬ್ಬಳು ಮೊಳೆಯ ಮೇಲೆ ಶಾಯಿ ರೋಲರ್ ಹಾಯಿಸಬೇಕು, ಇನ್ನೊಬ್ಬಳು ಹಾಳೆ ಇಟ್ಟು ಹಿಡಿಕೆ ಎಳೆಯಬೇಕು, ತೆಗೆದ ಹಾಳೆಯನ್ನು ಒಣಗಲು ಹರವಬೇಕು. ಇದನ್ನು ನಾನೂರು ಸಲ ಮಾಡಿದರೆ ಹಾಳೆಯ ಒಂದು ಮಗ್ಗುಲು ಮುಗಿಯಿತು. ಇನ್ನೊಂದು ಮಗ್ಗುಲಿಗೆ ಮತ್ತೆ ನಾನೂರು. ಸಣ್ಣ ಅಚ್ಚುಕೂಟದಲ್ಲಿ ಮೊಳೆಯೂ ಕೈಬೆರಳೆಣಿಕೆಯ ಪುಟಗಳಿಗೆ ಸಾಕಾಗುವಷ್ಟೇ ಇರುತ್ತದೆ. ಆದ್ದರಿಂದ ಅಚ್ಚಾದ ಪುಟವನ್ನು ಬಿಚ್ಚಿ, ಮೊಳೆ ತೊಳೆದು, ಒಂದೊಂದನ್ನೂ ಅದರ ಖಾನೆಗೆ ಸೇರಿಸಿ, ಆಮೇಲೆ ಮುಂದಿನ ಪುಟ ಕಟ್ಟಬೇಕು. ಬಿಚ್ಚಿದ ಮೇಲೆ ಇನ್ನಷ್ಟು ಪ್ರತಿ ಬೇಕು ಎಂದರೆ ಮತ್ತೆ ಮೊದಲಿನಿಂದ. ಮರುಮುದ್ರಣ ಎಂಬ ಮಾತೇ ಅಲ್ಲಿ ಬಾರದು.

ಮೊದಲ ಪುಸ್ತಕ ಅಣ್ಣನದೇ: ‘ಇನ್ ದ ಸೆವೆನ್ ವುಡ್ಸ್’, 1903, 325 ಪ್ರತಿ. ಕೊನೆಯ ಪುಟದಲ್ಲಿ ಲಾಲಿ ಮುದ್ರಕಿಯಾಗಿ, ಪ್ರಕಾಶಕಿಯಾಗಿ ತನ್ನ ಪೂರ್ತಿ ಹೆಸರು ಹಾಕಿ, ಕಾಗದ ಐರ್ಲೆಂಡಿನಲ್ಲಿ ಮಾಡಿದ್ದು ಎಂದು ಸಾರಿ, ಮುಗಿದ ದಿನ ಜುಲೈ 16 ಎಂದು ಬರೆದು, ವರ್ಷವನ್ನು ದೊಡ್ಡ ಬಿರುಗಾಳಿಯ ವರ್ಷವೆಂದು ಗುರುತಿಸಿದ್ದಳು. ಆ ವರ್ಷದ ಬಿರುಗಾಳಿ ಐರ್ಲೆಂಡಿನ ಕಾಡುಗಳಲ್ಲಿ ಮರಗಳನ್ನು ಉರುಳಿಸಿಹಾಕಿತ್ತು. ಜೇಮ್ಸ್ ಜಾಯ್ಸ್ ಇದನ್ನು ನೋಡಿ ನಕ್ಕಿರಬೇಕು. ‘ಯುಲಿಸಿಸ್’ನ ಮೊದಲ ಅಧ್ಯಾಯದಲ್ಲೇ ಡಂಡ್ರಮ್ಮಿನ ಈ ಅಕ್ಕತಂಗಿಯರನ್ನು ಮ್ಯಾಕ್‌ಬೆತ್‌ನ ಮಾಟಗಾತಿಯರ ಸಾಲಿಗೆ ಸೇರಿಸಿ, ಬಿರುಗಾಳಿಯ ವರ್ಷವನ್ನೂ ಎಳೆದುತಂದು ಗೇಲಿ ಮಾಡಿದ್ದಾನೆ. ಆ ಜೋಕು ಇವತ್ತಿಗೂ ಪಾಠದ ಕೋಣೆಗಳಲ್ಲಿ ಓಡುತ್ತದೆ. ಜೋಕಿಗೆ ಗುರಿಯಾದವಳ ಹೆಸರು ಮಾತ್ರ ಅಡಿಟಿಪ್ಪಣಿಯಲ್ಲಿ ಕೂತಿದೆ.

ಪುಸ್ತಕ ಹೇಗಿತ್ತು? ನೀಲಿ ಅಥವಾ ಬೂದು ಕಾಗದದ ರಟ್ಟು, ಬೆನ್ನಿಗೆ ನಾರುಬಟ್ಟೆ, ಒಳಗೆ ಅಗಲವಾದ ಅಂಚು ಬಿಟ್ಟ ಕಪ್ಪು ಅಕ್ಷರ, ಅಲ್ಲಲ್ಲಿ ಕೆಂಪು ಶಾಯಿ. ಬೇರೆ ಅಲಂಕಾರ ಇಲ್ಲವೆಂದೇ ಹೇಳಬೇಕು. ಮಾರಿಸ್‌ನ ಪುಸ್ತಕಗಳನ್ನು ನೋಡಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅವನು 1896ರಲ್ಲಿ ತಂದ ಚಾಸರ್ ಸಂಪುಟದಲ್ಲಿ ಬಳ್ಳಿ, ಎಲೆ, ಚಿತ್ರಚೌಕಟ್ಟುಗಳ ನಡುವೆ ಅಕ್ಷರಗಳು ಉಸಿರುಬಿಗಿದು ನಿಂತಿವೆ. ಮುಖ್ಯವಾದ ಇನ್ನೊಂದು ವ್ಯತ್ಯಾಸವೂ ಉಂಟು. ಮಾರಿಸ್ ತನ್ನ ಬಹುಪಾಲು ಶ್ರಮವನ್ನು ಹಳೆಯ ಕೃತಿಗಳಿಗೂ ಸ್ವಂತ ಬರಹಕ್ಕೂ ಸುರಿದ. ಲಾಲಿ ಅಚ್ಚುಮಾಡಿದ್ದು ಬಹುಮಟ್ಟಿಗೆ ತನ್ನ ಕಾಲದವರನ್ನು, ಎಷ್ಟೋ ಸಲ ಕವಿ ಇನ್ನೂ ತಿದ್ದುತ್ತ ಕೂತಿದ್ದ ಹೊಸ ಬರಹವನ್ನು. ಇಂಥ ನಾಜೂಕಿನ ಮುದ್ರಣಾಲಯಗಳಲ್ಲಿ ಇದು ಅಪರೂಪ.

ಎರಡನೆಯ ಪುಸ್ತಕ ಜಾರ್ಜ್ ರಸೆಲ್‌ನದು, ಎ.ಇ. ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನದು. ಬೇಂದ್ರೆಯವರು ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಹೆಸರಿಸುತ್ತಿದ್ದ ಎ.ಇ. ಇವನೇ. ಆಮೇಲೆ ಡಗ್ಲಸ್ ಹೈಡ್ ಸಂಗ್ರಹಿಸಿದ ಕಾನಾಟ್ ಸೀಮೆಯ ಪ್ರೇಮಗೀತೆಗಳು ಬಂದವು. ಹೈಡ್ ಮುಂದೆ ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷನಾದ. ಇದೇ ಡಬ್ಲಿನ್ ಬಳಗದ ಇನ್ನೊಬ್ಬರು ನಮಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ತರುಣ ಪುಟ್ಟಪ್ಪನವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದ ಜೇಮ್ಸ್ ಕಸಿನ್ಸ್. ಅವರ ಕಾವ್ಯ ಯೇಟ್ಸ್‌ಗೆ ಹಿಡಿಸುತ್ತಿರಲಿಲ್ಲ. ಅವರ ಪುಸ್ತಕಗಳನ್ನು ಪ್ರಕಟಿಸಿದ್ದು ಡಬ್ಲಿನ್ನಿನದೇ ಮಾನ್ಸೆಲ್ ಕಂಪನಿ. ಜಾಯ್ಸ್‌ನ ‘ಡಬ್ಲಿನರ್ಸ್’ ಒಪ್ಪಿಕೊಂಡು, ವರ್ಷಗಟ್ಟಲೆ ಎಳೆದಾಡಿ, 1912ರಲ್ಲಿ ಕೈಬಿಟ್ಟದ್ದೂ ಅದೇ ಕಂಪನಿ. ಆಗ ಅಚ್ಚಾಗಿದ್ದ ಹಾಳೆಗಳನ್ನು ಮುದ್ರಕ ನಾಶಮಾಡಿಬಿಟ್ಟ. ಅಂದರೆ ಕೂಲಾದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಬಾಗಿಲಲ್ಲಿ ನಿಂತಿದ್ದವನು ಅಣ್ಣ.

ಅಣ್ಣ ತಂಗಿಯ ಜಗಳ ಇಲ್ಲಿಂದಲೇ. ಯಾವ ಪುಸ್ತಕ ಬರಬೇಕೆಂದು ತೀರ್ಮಾನಿಸುವ ಸಂಪಾದಕ ಅವನು. ಹುಡುಗಿಯರ ಸಂಬಳ, ಕಾಗದದ ಬಾಕಿ, ಮುಂದಿನ ತಿಂಗಳು ಯಂತ್ರಕ್ಕೆ ಏನು ಹಾಕುವುದು ಎಂಬ ಚಿಂತೆ ಇವಳದು. ಅವನು ತಡಮಾಡಿದರೆ ಇವಳ ಕೆಲಸಗಾರರು ಸುಮ್ಮನೆ ಕೂರಬೇಕು. 1906ರಲ್ಲಿ ಎ.ಇ.ಯ ಕವಿತೆಗಳ ಒಂದು ಆಯ್ಕೆಯ ವಿಷಯಕ್ಕೆ ಮಾತು ಬೆಳೆದು ಅವನು ಸಂಪಾದಕತ್ವ ಬಿಟ್ಟೇ ಹೋದ, ಆಮೇಲೆ ತನ್ನ ಷರತ್ತು ಹಾಕಿ ತಿರುಗಿ ಬಂದ. ಸಾಹಿತ್ಯದ ಇತಿಹಾಸ ಅವನ ಪರವಾಗಿಯೇ ತೀರ್ಪು ಕೊಟ್ಟಿದೆ: ಅಷ್ಟು ಕಟ್ಟುನಿಟ್ಟಿನ ರುಚಿ ಇಲ್ಲದಿದ್ದರೆ ಕೂಲಾಕ್ಕೆ ಈ ಹೆಸರು ಬರುತ್ತಿರಲಿಲ್ಲ ಎಂದು. ಇರಬಹುದು. ಆದರೆ ಪಟ್ಟಿಯನ್ನು ಬಿಗಿಹಿಡಿಯುವ ಸುಖ ಸಂಬಳ ಕೊಡಬೇಕಿಲ್ಲದವನಿಗೆ ಮಾತ್ರ ಇರುತ್ತದೆ ಎನ್ನುವುದನ್ನೂ ಹೇಳಬೇಕಲ್ಲ.

ಗ್ಲೀಸನ್ ಜೊತೆಗೂ ಹೊಂದಾಣಿಕೆಯಾಗಲಿಲ್ಲ. 1908ರಲ್ಲಿ ಪಾಲಾಯಿತು. ಡನ್ ಎಮರ್ ಹೆಸರು ಅವಳಿಗೆ ಉಳಿಯಿತು. ಅಷ್ಟರಲ್ಲಿ 11 ಪುಸ್ತಕ ತಂದಿದ್ದ ಅಚ್ಚುಕೂಟ ಹತ್ತಿರದ ಚರ್ಚ್‌ಟೌನ್‌ನ ಒಂದು ಚಿಕ್ಕ ಮನೆಗೆ ಬಂತು. ಆ ಸೀಮೆಯ ಹಳೆಯ ಹೆಸರಿನಿಂದ ಕೂಲಾ ಆಯಿತು. ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಅಪ್ಪ ನ್ಯೂಯಾರ್ಕ್ ನೋಡಿಬರುತ್ತೇನೆಂದು ಹೋದವನು 1922ರಲ್ಲಿ ಸಾಯುವವರೆಗೂ ವಾಪಸು ಬರಲಿಲ್ಲ. ಅಕ್ಕತಂಗಿಯರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ, ಆದರೂ ಒಂದೇ ಸೂರಿನಡಿ ಬದುಕು, ಒಂದೇ ಸಂಸ್ಥೆಯ ದುಡಿಮೆ.

ಈಗ ದುಡ್ಡಿನ ಮಾತು. ಪುಸ್ತಕಗಳು ಅಂಗಡಿಗಿಂತ ಹೆಚ್ಚಾಗಿ ಚಂದಾದಾರರ ಪಟ್ಟಿಯಿಂದ ಬಿಕರಿಯಾಗುತ್ತಿದ್ದವು. ಕೊಳ್ಳುವವರಲ್ಲಿ ಇಂಗ್ಲೆಂಡ್, ಅಮೆರಿಕದವರು ಬಹಳ. ನ್ಯೂಯಾರ್ಕಿನ ವಕೀಲ ಜಾನ್ ಕ್ವಿನ್ ಒಬ್ಬನೇ ಎಷ್ಟೋ ಪ್ರತಿ ತರಿಸಿ ಗೆಳೆಯರಿಗೆ ಹಂಚುತ್ತಿದ್ದ. ಸಣ್ಣ ಮುದ್ರಣ ಅಂದರೆ ಸಂಗ್ರಾಹಕರಿಗೆ ಬೇಕಾದ ವಸ್ತು. ಸಂಖ್ಯೆ ಕಡಿಮೆಯಿದ್ದಷ್ಟೂ ಬೆಲೆಗೆ ನ್ಯಾಯ. ಇಷ್ಟಾಗಿಯೂ ಪುಸ್ತಕದಿಂದಲೇ ಸಂಸ್ಥೆ ನಡೆಯಲಿಲ್ಲ. ನಡೆಸಿದ್ದು ಲಿಲಿಯ ಕಸೂತಿ, ಕ್ರಿಸ್‌ಮಸ್ ಕಾರ್ಡು, ಕೈಯಲ್ಲಿ ಬಣ್ಣ ತುಂಬಿದ ಚಿತ್ರಪಟ. ಇವುಗಳ ಜೊತೆಗೆ ‘ಎ ಬ್ರಾಡ್‌ಸೈಡ್’ ಎಂಬ ಮಾಸಿಕ ಹಾಳೆ. ಬೀದಿಯಲ್ಲಿ ಹಾಡಿ ಮಾರುತ್ತಿದ್ದ ಲಾವಣಿಗಳ ರೀತಿಯಲ್ಲಿ ಹಾಡು, ಕವಿತೆ, ಜೊತೆಗೆ ತಮ್ಮ ಜ್ಯಾಕ್‌ನ ಚಿತ್ರಗಳು: ಸಂತೆ, ಕುದುರೆ, ನಾವಿಕ, ಸರ್ಕಸ್ಸಿನವರು. 1908ರ ಜೂನ್‌ನಿಂದ 1915ರ ಮೇವರೆಗೆ 84 ಸಂಚಿಕೆ, ಒಂದೊಂದೂ 300 ಪ್ರತಿ. ಗುಣಿಸಿದರೆ 25,200. ಪ್ರತಿಯೊಂದರ ಚಿತ್ರಕ್ಕೂ ಬಣ್ಣ ತುಂಬಿದ್ದು ಹುಡುಗಿಯರ ಕೈ. ಹೀಗಿದ್ದೂ ಬ್ಯಾಂಕಿನ ಸಾಲ ಬೆಳೆಯುತ್ತಿತ್ತು, ಅಣ್ಣ ಗೊಣಗುತ್ತ ತೀರಿಸುತ್ತಿದ್ದ. ಅವನ ಪಾಲಿನ ಈ ಲೆಕ್ಕವನ್ನು ಮರೆತರೆ ಅವನಿಗೂ ಅನ್ಯಾಯವಾದೀತು.

ಠಾಕೂರರು ಇಲ್ಲಿಗೆ ಬಂದದ್ದು ಅಣ್ಣನ ಮೂಲಕ. 1912ರ ಇಂಗ್ಲಿಷ್ ‘ಗೀತಾಂಜಲಿ’ಗೆ ಮುನ್ನುಡಿ ಬರೆದವನು ಅವನೇ ತಾನೆ. 1913ರ ಮೇ ತಿಂಗಳಲ್ಲಿ, ನೊಬೆಲ್ ಘೋಷಣೆಗೆ ಆರು ತಿಂಗಳು ಮೊದಲು, ದೇವವ್ರತ ಮುಖರ್ಜಿಯವರ ಅನುವಾದದಲ್ಲಿ ‘ದ ಪೋಸ್ಟ್ ಆಫೀಸ್’ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಆಡಲ್ಪಟ್ಟಿತು. ಪ್ರದರ್ಶನ ಪ್ಯಾಟ್ರಿಕ್ ಪಿಯರ್ಸ್ ನಡೆಸುತ್ತಿದ್ದ ಸೇಂಟ್ ಎಂಡಾ ಶಾಲೆಯ ಸಹಾಯಾರ್ಥ. ಅದೇ ಸಂಜೆ ಪಿಯರ್ಸ್‌ನ ನಾಟಕವೂ ಇತ್ತು. ಕಾಯಿಲೆಯಿಂದ ಕೋಣೆಯಲ್ಲೇ ಉಳಿದು ರಾಜನ ಪತ್ರಕ್ಕಾಗಿ ಕಾಯುವ ಹುಡುಗ ಅಮಲನನ್ನು ಅಂದು ನೋಡಿದ ಡಬ್ಲಿನ್ನಿನವರು ಮೂರು ವರ್ಷ ಕಳೆಯುವುದರಲ್ಲಿ ಪಿಯರ್ಸ್‌ನನ್ನು ಬ್ರಿಟಿಷರು ಗುಂಡಿಟ್ಟು ಕೊಂದ ಸುದ್ದಿಯನ್ನು ಓದಿದರು. 1916ರ ಈಸ್ಟರ್ ಬಂಡಾಯದ ಮುಂದಾಳು ಅವನು. ಠಾಕೂರರು, ಪಿಯರ್ಸ್ ಇಬ್ಬರೂ ಸ್ವಂತ ಶಾಲೆ ಕಟ್ಟಿದವರು, ಇಬ್ಬರೂ ತಾಯ್ನುಡಿಯ ಶಿಕ್ಷಣದ ಪರ. ಪುಸ್ತಕ 1914ರಲ್ಲಿ ಬಂತು. ಅದೇ ವರ್ಷ ಮ್ಯಾಕ್‌ಮಿಲನ್ ಕಂಪನಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಂದಿತು. ಗದರಿಸಿದ ಓದುಗರಿಗೆ ಉತ್ತರ ಇದರಲ್ಲೇ ಇದೆ. ಕೂಲಾದ್ದು ಮೊದಲ ಕೈ. ಊರಿಗೆಲ್ಲ ಹಂಚುವ ಕೆಲಸ ಲಂಡನ್ನಿನ ವ್ಯಾಪಾರಿ ಪ್ರಕಾಶಕರದು. ಯೇಟ್ಸ್‌ನ ಪುಸ್ತಕಗಳಿಗೂ ಬಹುಮಟ್ಟಿಗೆ ಇದೇ ಏರ್ಪಾಡು.

ಮೊದಲ ಕೈ ಎಂದರೆ ಬರೀ ತಾರೀಖಿನ ಲೆಕ್ಕ ಎಂದುಕೊಳ್ಳಬಾರದು. ‘ದ ವೈಲ್ಡ್ ಸ್ವಾನ್ಸ್ ಅಟ್ ಕೂಲ್’ ಸಂಕಲನ 1917ರಲ್ಲಿ ಕೂಲಾದಿಂದ ಬಂದಾಗ ಅದರಲ್ಲಿ 29 ಕವಿತೆ, ಒಂದು ನಾಟಕ. 1919ರಲ್ಲಿ ಮ್ಯಾಕ್‌ಮಿಲನ್ ತಂದಾಗ ನಾಟಕ ಹೋಗಿ 17 ಹೊಸ ಕವಿತೆ ಸೇರಿದ್ದವು. ನಡುವೆ, 1918ರ ಜನವರಿಯಲ್ಲಿ, ಯೇಟ್ಸ್‌ನ ಆಪ್ತ ಗೆಳತಿ ಲೇಡಿ ಗ್ರೆಗರಿಯ ಮಗ ರಾಬರ್ಟ್ ಇಟಲಿಯಲ್ಲಿ ವಿಮಾನ ಬಿದ್ದು ಸತ್ತಿದ್ದ. ಅವನ ಸಾವಿನ ಕುರಿತ ಪ್ರಸಿದ್ಧ ಕವಿತೆಗಳು ಎರಡನೆಯದರಲ್ಲಿವೆ, ಮೊದಲನೆಯದರಲ್ಲಿ ಇರಲು ಸಾಧ್ಯವೇ ಇಲ್ಲ. ಒಂದೇ ಹೆಸರಿನ ಎರಡು ಪುಸ್ತಕ. ಒಂದು ಸಾವಿಗೆ ಮುಂಚಿನದು, ಇನ್ನೊಂದು ಆಮೇಲಿನದು.

ಇದಕ್ಕಿಂತ ದೊಡ್ಡ ಉದಾಹರಣೆ ಕವಿಯ ಕೊನೆಯ ಪುಸ್ತಕ. ಯೇಟ್ಸ್ ಸತ್ತದ್ದು 1939ರ ಜನವರಿ 28ರಂದು. ಸಾಯುವ ಮುಂಚೆ ಕೊನೆಯ ಕವಿತೆಗಳ ಅನುಕ್ರಮಣಿಕೆಯನ್ನು ತಾನೇ ಮಾಡಿಟ್ಟಿದ್ದ. ಅದೇ ವರ್ಷ ಕೂಲಾ ಅದೇ ಕ್ರಮದಲ್ಲಿ 500 ಪ್ರತಿ ಅಚ್ಚುಹಾಕಿತು. ಅದರಲ್ಲಿ ಮೊದಲು ಬರುವುದು ‘ಅಂಡರ್ ಬೆನ್ ಬಲ್ಬನ್’, ತನ್ನ ಸಮಾಧಿಯ ಮೇಲೆ ಏನು ಕೆತ್ತಬೇಕೆಂದು ಕವಿ ಅಪ್ಪಣೆ ಕೊಡಿಸುವ ಕವಿತೆ. ಕವಿತೆಗಳ ಸಾಲಿನಲ್ಲಿ ಕೊನೆಗೆ ಬರುವುದು ‘ಪಾಲಿಟಿಕ್ಸ್’: ಸುತ್ತ ಜನ ಯುದ್ಧದ, ರಾಜಕೀಯದ ಮಾತಾಡುತ್ತಿದ್ದರೆ ಮುದುಕನ ಕಣ್ಣು ಎದುರು ನಿಂತ ಹುಡುಗಿಯ ಮೇಲೆ. ಆಮೇಲೆ ಎರಡು ನಾಟಕ. ಮರುವರ್ಷ ಮ್ಯಾಕ್‌ಮಿಲನ್ ತಂದ ಆವೃತ್ತಿಯಲ್ಲಿ ಸಮಾಧಿಯ ಕವಿತೆ ಕಟ್ಟಕಡೆಗೆ ಹೋಯಿತು. ಕವಿ ಸತ್ತಿದ್ದಾನೆ, ಸಮಾಧಿಯ ಮಾತು ಕೊನೆಗಿರಬೇಕು ಎನ್ನುವುದು ಯಾರಿಗಾದರೂ ತೋಚುವ ಏರ್ಪಾಡು. ದಶಕಗಳ ಕಾಲ ಲೋಕ ಯೇಟ್ಸ್‌ನನ್ನು ಹಾಗೆಯೇ ಓದಿತು, ಗಂಭೀರವಾಗಿ ಎದ್ದು ಹೊರಟ ಮಹಾಕವಿ ಎಂದು. 1960ರ ದಶಕದಿಂದ ವಿದ್ವಾಂಸರು ಕವಿಯ ಕೈಬರಹದ ಪಟ್ಟಿಯ ಬಗ್ಗೆ ಬರೆಯತೊಡಗಿದ ಮೇಲೆ ಕೂಲಾದ ಕ್ರಮಕ್ಕೆ ಬೆಲೆ ಬಂತು. ಆ ಕ್ರಮದಲ್ಲಿ ಮನುಷ್ಯ ಮೊದಲು ಸತ್ತು, ಗೋರಿಯಿಂದ ಎದ್ದು ಬದುಕಿನ ಕಡೆಗೆ ನಡೆಯುತ್ತಾನೆ; ಕೊನೆಗೆ ಯೌವನ ಬೇಕೆಂದು ಹಂಬಲಿಸುತ್ತಾನೆ. ನನಗಂತೂ ಈ ಯೇಟ್ಸನೇ ಹೆಚ್ಚು ಇಷ್ಟ. ಪ್ರಕಾಶಕರ ಪಾತ್ರ ಏನು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆಯೂ ಇದೇ. ಒಂದು ಪರಿವಿಡಿಯನ್ನು ಹಿಂದುಮುಂದು ಮಾಡದೆ ಅಚ್ಚುಹಾಕುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಒಬ್ಬ ಕವಿಯನ್ನು ಜಗತ್ತು ಹೇಗೆ ಓದುತ್ತದೆ ಎನ್ನುವುದು ಅದರ ಮೇಲೆ ನಿಲ್ಲುತ್ತದೆ.

ಆ ಪುಟಗಳನ್ನು ಕಟ್ಟಿದ ಹೆಣ್ಣುಮಕ್ಕಳ ಬಗ್ಗೆ ಬರೆದಿರುವುದು ಕಡಿಮೆ. ಅಕ್ಕಪಕ್ಕದ ಊರಿನಿಂದ ಹದಿಹರೆಯದಲ್ಲಿ ಕೆಲಸಕ್ಕೆ ಬಂದವರು, ಕೆಲವರು ಅಲ್ಲೇ ಆಯುಷ್ಯ ಕಳೆದರು. ಅವರಲ್ಲಿ ಮಾಲಿ ಗಿಲ್ ಎಂಬವಳ ಕಥೆ ಹೇಳಲೇಬೇಕು. ಕೂಲಾದಲ್ಲಿ ದಶಕಗಳ ಕಾಲ ದುಡಿದವಳು, ಕುಮನ್ ನ ಮಾನ್ ಎಂಬ ಗಣರಾಜ್ಯವಾದಿ ಮಹಿಳಾ ಸಂಘಟನೆಯ ಸದಸ್ಯೆ. ಅಂತರ್ಯುದ್ಧದ ಕಾಲದಲ್ಲಿ, 1923ರಲ್ಲಿ, ಐರಿಷ್ ಸರ್ಕಾರ ಅವಳನ್ನು ಹಿಡಿದು ಜೈಲಿಗೆ ಹಾಕಿತು. ಆಗ ಅವಳ ಸಂಪಾದಕ ಯೇಟ್ಸ್ ಅದೇ ಸರ್ಕಾರದ ಸೆನೆಟರ್! ಒಂದೇ ಅಚ್ಚುಕೂಟ, ಮೇಲೊಬ್ಬ ಸೆನೆಟರ್, ಕೆಳಗೊಬ್ಬಳು ಕೈದಿ. ಅವಳು ಹೊರಬಂದು ಮತ್ತೆ ಮೊಳೆ ಹಿಡಿದಳು. ಹೆಂಗಸರ ಕ್ಯಾಮೋಗಿ ಆಟದ ಸಂಘಕ್ಕೆ ಅದೇ 1923ರಿಂದ 1941ರವರೆಗೆ ಅಧ್ಯಕ್ಷೆಯೂ ಆಗಿದ್ದಳು. ಕವಿಯ ಪತ್ರಗಳ ಸಂಪುಟಗಳನ್ನು ಓದಿದ್ದೇನೆ ಎನ್ನುವವರನ್ನು ನಾನು ಈ ಹೆಸರು ಕೇಳಿದ್ದೀರಾ ಎಂದು ವಿಚಾರಿಸುವುದುಂಟು.

ಲಾಲಿ 1940ರ ಜನವರಿಯಲ್ಲಿ ತೀರಿಕೊಂಡಳು, ಅಣ್ಣ ಹೋಗಿ ಒಂದು ವರ್ಷವೂ ತುಂಬಿರಲಿಲ್ಲ. ಅಚ್ಚುಕೂಟವನ್ನು ಯೇಟ್ಸ್‌ನ ಹೆಂಡತಿ ಜಾರ್ಜ್ ವಹಿಸಿಕೊಂಡಳು. ಬೆನ್ನಿಗೇ ಅದು ಕೂಲಾದ ಹಳೆಯ ಕನಸನ್ನೇ ಒಡೆಯುವ ಪುಸ್ತಕವನ್ನು ತಂದಿತು: ಪ್ಯಾಟ್ರಿಕ್ ಕ್ಯಾವನಾನ ‘ದ ಗ್ರೇಟ್ ಹಂಗರ್’, 1942, 250 ಪ್ರತಿ. ಯೇಟ್ಸ್ ಬಳಗ ಐರಿಷ್ ರೈತನಲ್ಲಿ ಪುರಾಣದ ಘನತೆಯನ್ನು ಕಂಡಿತ್ತು. ಸ್ವತಃ ಹೊಲ ಉತ್ತು ಬಂದ ಕ್ಯಾವನಾ ತೋರಿಸಿದ್ದು ಅವ್ವನ ಸೆರಗಿಗೂ ಆಲೂಗಡ್ಡೆಯ ಹೊಲಕ್ಕೂ ಕಟ್ಟಿಬಿದ್ದು, ಮದುವೆಯಿಲ್ಲದೆ ಒಣಗುವ ಪ್ಯಾಟ್ರಿಕ್ ಮಗ್ವಾಯರ್‌ನನ್ನು. ಅದೇ ಕ್ಯಾಸ್ಲನ್ ಮೊಳೆ, ಒಳಗೆ ಸಂಪೂರ್ಣ ಬೇರೆ ದೇಶ. ಕೂಲಾದ ಇಡೀ ಪಟ್ಟಿಯಲ್ಲಿ ಒಂದೇ ಪುಸ್ತಕ ಆರಿಸು ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಯೇಟ್ಸ್ ಅಭಿಮಾನಿಗಳು ಕ್ಷಮಿಸಬೇಕು.

1946ರಲ್ಲಿ ಪುಸ್ತಕ ಪ್ರಕಟಣೆ ನಿಂತಿತು. ಅಲ್ಲಿಗೆ ಎಪ್ಪತ್ತಕ್ಕೂ ಹೆಚ್ಚು ಪುಸ್ತಕ ಬಂದಿದ್ದವು. ಕಾರ್ಡು, ಚಿತ್ರಪಟಗಳು ಮಾತ್ರ ಜಾರ್ಜ್ 1968ರಲ್ಲಿ ಸಾಯುವವರೆಗೂ ಹೊರಬರುತ್ತಲೇ ಇದ್ದವು. ಸಾಹಿತ್ಯಕ್ಕಿಂತ ಕಾರ್ಡಿಗೆ ಆಯುಸ್ಸು ಹೆಚ್ಚಾಯಿತು. 1969ರಲ್ಲಿ ಮಕ್ಕಳಾದ ಮೈಕೆಲ್ ಮತ್ತು ಆ್ಯನ್, ಡಾಲ್ಮೆನ್ ಪ್ರೆಸ್ಸಿನ ಲಿಯಂ ಮಿಲರ್ ನೆರವಿನಿಂದ ಮತ್ತೆ ಶುರುಮಾಡಿ ಕೆಲವು ಪುಸ್ತಕ ತಂದರು, 1980ರ ದಶಕದಲ್ಲಿ ಅದೂ ಮುಗಿಯಿತು. ಆದ್ದರಿಂದ ಈಗಲೂ ಇದೆಯೇ ಎಂದು ಕೇಳಿದವರಿಗೆ, ಇಲ್ಲ. ದಾಖಲೆಗಳು ಮತ್ತು ಚಿತ್ರಪಟಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿವೆ. ಮೂಲ ಪ್ರತಿ ಕೊಳ್ಳುವ ಆಸೆಯಿದ್ದರೆ ಹರಾಜು ಕಂಪನಿಗಳ ಬೆಲೆ ನೋಡಿಕೊಂಡು ಸುಮ್ಮನಾಗುವುದು ಒಳ್ಳೆಯದು. ಅಷ್ಟು ದೂರ ಹೋಗಲಾರದವರಿಗೆ 1970ರ ಸುಮಾರಿಗೆ ಐರಿಷ್ ಯೂನಿವರ್ಸಿಟಿ ಪ್ರೆಸ್ ತಂದ ಪಡಿಯಚ್ಚುಗಳಿವೆ, ಹಳೆಯ ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ವಿಚಾರಿಸಿ ನೋಡಬಹುದು. ಸಿಕ್ಕರೆ ಕವಿತೆಗೆ ಮೊದಲು ಕೊನೆಯ ಪುಟ ತೆರೆಯಿರಿ. ಅಚ್ಚುಮಾಡಿದವಳು ಯಾರು, ಎಲ್ಲಿ, ಯಾವಾಗ ಮುಗಿಸಿದಳು ಎನ್ನುವುದನ್ನೆಲ್ಲ ಅವಳೇ ಅಲ್ಲಿ ಬರೆದಿದ್ದಾಳೆ.